ಚಿತ್ತವಿಕಲತೆಯೂ ದಿನನಿತ್ಯದ ಬಾಳೂ

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳು ಸೇರಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ. ಕೇಳಿದವರ ಒತ್ತಾಯದ ಮೇರೆಗೆ ಪೂರ್ತಿಯಾಗಿ ಅಚ್ಚು ಮಾಡಿದ್ದೇವೆ. — ಸಂ.)



ಈ ಸಭೆಯಲ್ಲಿ ಸಾಮಾನ್ಯವಾಗಿ ಕೂಲಿ, ಬೋನಸ್ಸು, ತುಟ್ಟಿಭತ್ಯೆ, ಅಂಗಡಿಗಳ ಮೇಲಿನ ತೆರಿಗೆ ಇವುಗಳ ಮಾತೇ ನಡೆಯುತ್ತದೆ. ಇಂದು ನಾನು ಮನಸ್ಸಿನ ಕಾಯಿಲೆಯ ವಿಚಾರವಾಗಿ ಮಾತನಾಡುತ್ತೇನೆಂದಾಗ ನಮ್ಮ ಕಾರ್ಯದರ್ಶಿಗಳು, "ಅದು ಡಾಕ್ಟರುಗಳ ಮಾತಲ್ಲವೇ, ನಮ್ಮ ಸಭೆಗೇಕೆ?" ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ. ಆದರೆ ಈ ಕಾಯಿಲೆ ಡಾಕ್ಟರ ಮನೆಯಲ್ಲಿ ಮಾತ್ರ ಬರುವುದಿಲ್ಲ. ನಮ್ಮ ಚಾಳುಗಳಲ್ಲಿ, ನಮ್ಮ ಅಂಗಡಿಗಳ ಹಿಂದಿನ ಒಂದೇ ಕೋಣೆಯ ಮನೆಗಳಲ್ಲಿ ಬರುತ್ತದೆ. ಬಂದವನನ್ನು ದಿನವೂ ನೋಡಿಕೊಳ್ಳುವವರು ಡಾಕ್ಟರಲ್ಲ, ನಾವು. ಹಾಗೆ ನೋಡಿಕೊಳ್ಳುವ ನಮಗೆ ಆ ಕಾಯಿಲೆಯ ಒಳಗುಟ್ಟು ಗೊತ್ತಿಲ್ಲದಿದ್ದರೆ ಎಂಥ ಅನ್ಯಾಯ ಮಾಡುತ್ತೇವೆಂಬುದಕ್ಕೆ ನಾನೇ ಸಾಕ್ಷಿ. ಆದ್ದರಿಂದ ಮೊದಲು ನನ್ನ ತಪ್ಪನ್ನೇ ನಿಮ್ಮ ಮುಂದೆ ಇಡುತ್ತೇನೆ.

ನನ್ನ ತಮ್ಮನಿಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಈ ಕಾಯಿಲೆ ಹಿಡಿಯಿತು. ಗಿರಣಿಯ ನೂಲುವ ಖಾತೆಯಲ್ಲಿ ಬದಲಿ ಕೆಲಸಗಾರನಾಗಿದ್ದ. ಚುರುಕಿನ ಹುಡುಗ. ಯಾರೋ ತನ್ನ ವಿಷಯ ಮಾತನಾಡುತ್ತಾರೆ, ಗೋಡೆಯಾಚೆಯಿಂದ ಬೈಯುತ್ತಾರೆ ಎನ್ನತೊಡಗಿದ. ಅವ್ವ ಹರಕೆ ಹೊತ್ತಳು, ಯಂತ್ರ ಕಟ್ಟಿಸಿದಳು. ಎಂಟು ತಿಂಗಳು ಕಳೆದ ಮೇಲೆ ಆಸ್ಪತ್ರೆಗೆ ಕರೆದೊಯ್ದೆವು. ಮಾತ್ರೆ ಕೊಟ್ಟರು. ಎರಡು ಮೂರು ತಿಂಗಳಲ್ಲಿ ದನಿಗಳು ಅಡಗಿದವು, ಭಯ ಹೋಯಿತು. ನಮಗೆ ಹೋದ ಜೀವ ಬಂದಂತಾಯಿತು.

ಆದರೆ ಹುಡುಗ ಮೊದಲಿನಂತೆ ಆಗಲಿಲ್ಲ. ಸ್ನಾನ ಮಾಡೆಂದರೆ "ಹೂಂ" ಎನ್ನುವ, ಕುಳಿತಲ್ಲೇ ಕುಳಿತಿರುವ. ಹಲ್ಲುಜ್ಜುವುದು ವಾರಗಟ್ಟಲೆ ನಿಂತುಹೋಗುವುದು. ಅಂಗಡಿಯಿಂದ ಎಣ್ಣೆ, ಬೇಳೆ, ಸೋಪು ತಾ ಎಂದರೆ ಎಣ್ಣೆ ಮಾತ್ರ ತರುವ. ನಾನು ರಾತ್ರಿ ಪಾಳಿ ಮುಗಿಸಿ ಬಂದ ಒಂದು ಬೆಳಗ್ಗೆ, ಅವನು ಬಚ್ಚಲ ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತಿದ್ದ. ಅರ್ಧ ಗಂಟೆಯಿಂದ ಹಾಗೇ ನಿಂತಿದ್ದಾನೆ ಎಂದಳು ಹೆಂಡತಿ. ನನಗೆ ಸಿಟ್ಟು ನೆತ್ತಿಗೇರಿತು. "ದುಡಿಯುವವರು ನಾವು, ನಿನಗೆ ಮೈ ತೊಳೆಯುವುದಕ್ಕೂ ಸೋಮಾರಿತನವೇ?" ಎಂದು ಬಿಂದಿಗೆಯ ತಣ್ಣೀರನ್ನು ತಲೆಯ ಮೇಲೆ ಸುರಿದುಬಿಟ್ಟೆ. ಅವನು ಕೂಗಾಡಲಿಲ್ಲ. "ಅಣ್ಣ, ಮೊದಲು ಏನು ಮಾಡಬೇಕು ಅನ್ನೋದು ಗೊತ್ತಾಗ್ಲಿಲ್ಲ" ಎಂದ, ಅಷ್ಟೇ.

ಆ ಮಾತು ಸುಳ್ಳಲ್ಲವೆಂದು ನನಗೆ ತಿಳಿಯಲು ಇನ್ನೂ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷ ನಿಮಗೆ ಉಳಿಯಲಿ ಎಂಬುದೇ ಇಂದಿನ ನನ್ನ ಭಾಷಣದ ಉದ್ದೇಶ.

ಈ ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂದು ಹೆಸರು. ಕನ್ನಡದಲ್ಲಿ ಚಿತ್ತವಿಕಲತೆ ಎನ್ನುತ್ತಾರೆ. ಲೋಕದಲ್ಲಿ ಸುಮಾರು ೩೦೦ರಿಂದ ೩೫೦ ಜನರಲ್ಲಿ ಒಬ್ಬರಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳುತ್ತದೆ. ಮೂರು ಲಕ್ಷ ಜನರ ಊರಿಗೆ ಹೆಚ್ಚುಕಡಿಮೆ ಸಾವಿರ ಮಂದಿ ಎಂದಾಯಿತು. ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಅಂದರೆ ಮನೆಗೆ ದುಡಿಮೆ ತರುವ ವಯಸ್ಸಿನಲ್ಲೇ ಬರುತ್ತದೆ. ಮಾಟದಿಂದ ಬರುವುದಲ್ಲ, ತಾಯಿತಂದೆಯರು ಸರಿಯಾಗಿ ಸಾಕದಿದ್ದುದರಿಂದ ಬರುವುದೂ ಅಲ್ಲ. ವಂಶದಿಂದ ಬಂದ ಒಲವು ಮತ್ತು ಬಾಳಿನ ಒತ್ತಡಗಳು ಸೇರಿ ಮಿದುಳಿನ ಕೆಲಸವನ್ನು ಏರುಪೇರು ಮಾಡುತ್ತವೆ.

೧೮೯೦ರ ದಶಕದಲ್ಲಿ ಜರ್ಮನಿಯ ಎಮಿಲ್ ಕ್ರೇಪೆಲಿನ್ ಎಂಬ ವೈದ್ಯ ಈ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿ, ಎಳೆಯ ವಯಸ್ಸಿನಲ್ಲೇ ಬುದ್ಧಿ ಕುಂದುವ ರೋಗವೆಂದು ಹೆಸರಿಟ್ಟ. ೧೯೦೮ರಲ್ಲಿ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ ಆ ಹೆಸರು ಸರಿಯಲ್ಲವೆಂದು, ಸ್ಕಿಜೋಫ್ರೇನಿಯಾ ಎಂಬ ಹೊಸ ಹೆಸರು ಕೊಟ್ಟ. ಅವನು ಹೇಳಿದ ಒಂದು ಮಾತು ಗಮನಿಸಬೇಕಾದದ್ದು. ದನಿ ಕೇಳಿಸುವುದು, ಸಂಶಯ ಪಡುವುದು ಇವು ಮೇಲಿನ ಲಕ್ಷಣಗಳು. ಯೋಚನೆಗೂ ಯೋಚನೆಗೂ ಇರುವ ಕೊಂಡಿ ಸಡಿಲವಾಗುವುದೇ ಮೂಲ ಲಕ್ಷಣ ಎಂದು ಅವನ ಅಭಿಪ್ರಾಯವಾಗಿತ್ತು. ನಾವು ಹೊರಗಿನವರು ದನಿಯನ್ನೂ ಕೂಗಾಟವನ್ನೂ ಮಾತ್ರ ಕಾಯಿಲೆಯೆಂದು ತಿಳಿಯುತ್ತೇವೆ. ಅವು ನಿಂತರೆ ಗುಣವಾಯಿತೆನ್ನುತ್ತೇವೆ. ಉಳಿದದ್ದನ್ನೆಲ್ಲ ಹಟವೆಂದೋ ಸೋಮಾರಿತನವೆಂದೋ ಕರೆಯುತ್ತೇವೆ.

ಹಾಗಾದರೆ ಉಳಿಯುವುದು ಏನು? ಯೋಚನೆಯ ಕಷ್ಟಗಳು. ಇವು ಎಲ್ಲರಲ್ಲೂ ಒಂದೇ ಸಮನಾಗಿರುವುದಿಲ್ಲ. ಕೆಲವರಲ್ಲಿ ಬಹಳ ಕಡಿಮೆ, ಕೆಲವರಲ್ಲಿ ಹೆಚ್ಚು. ಅನೇಕರಲ್ಲಿ ದನಿ ಕೇಳುವುದಕ್ಕಿಂತ ಮೊದಲೇ ಶುರುವಾಗಿರುತ್ತವೆ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಗಮನ. ಸಾಂಚಾಗಳ ಸದ್ದಿನ ನಡುವೆಯೂ ನೂಲು ಕಡಿದದ್ದು ನಮಗೆ ತಿಳಿಯುತ್ತದೆ, ಏಕೆಂದರೆ ಬೇಡದ ಸದ್ದನ್ನು ನಮ್ಮ ಮನಸ್ಸು ಬದಿಗೆ ತಳ್ಳುತ್ತದೆ. ಈ ಕಾಯಿಲೆಯವರಲ್ಲಿ ಆ ತಳ್ಳುವ ಶಕ್ತಿ ಕುಗ್ಗಿರುತ್ತದೆ. ಎಲ್ಲ ಸದ್ದೂ ಒಟ್ಟಿಗೆ ಒಳಗೆ ನುಗ್ಗುತ್ತದೆ.

ಎರಡನೆಯದು, ಆ ಕ್ಷಣಕ್ಕೆ ಬೇಕಾದ ನೆನಪು. ಅಂಗಡಿಯವರು ಗಿರಾಕಿ ಹೇಳಿದ ಐದು ಸಾಮಾನುಗಳನ್ನು ಮನಸ್ಸಿನಲ್ಲೇ ಹಿಡಿದು, ಕಟ್ಟುತ್ತ ಕಟ್ಟುತ್ತ ಲೆಕ್ಕ ಕೂಡಿಸುತ್ತಾರೆ. ಆ ಹಿಡಿತ ಇವರಲ್ಲಿ ಸಣ್ಣದು. ಮೂರು ಹೇಳಿದರೆ ಎರಡು ಜಾರಿಹೋಗುತ್ತವೆ. ನನ್ನ ತಮ್ಮ ಎಣ್ಣೆ ಮಾತ್ರ ತಂದದ್ದು ಇದರಿಂದ.

ಮೂರನೆಯದು ವೇಗ. ಕೇಳಿದ್ದು ಅರ್ಥವಾಗಲು, ಉತ್ತರ ತೋಚಲು ಹೆಚ್ಚು ಹೊತ್ತು ಬೇಕು. ನಾವು ಅಷ್ಟು ಹೊತ್ತು ಕಾಯುವುದಿಲ್ಲ. ಉತ್ತರ ಬರುವುದರೊಳಗೆ ಇನ್ನೊಂದು ಪ್ರಶ್ನೆ ಎಸೆಯುತ್ತೇವೆ.

ನಾಲ್ಕನೆಯದು, ಕೆಲಸವನ್ನು ಯೋಜಿಸಿ ಶುರುಮಾಡುವ ಶಕ್ತಿ. ಯಾವುದು ಮೊದಲು, ಯಾವುದು ಆಮೇಲೆ, ಒಂದು ಕೆಡುಕಾದರೆ ಬದಲಿಗೆ ಏನು ಎಂಬ ವಿವೇಚನೆ. ಗಿರಣಿಯಲ್ಲಿ ಜಾಬರ್ ಇಲ್ಲದ ದಿನ ಖಾತೆ ಹೇಗಿರುತ್ತದೆ? ಕೈಗಳಿವೆ, ಯಂತ್ರವಿದೆ, ನೂಲಿದೆ, ಆದರೂ ಕೆಲಸ ಸಾಗದು. ಇಲ್ಲಿಯೂ ಹಾಗೆಯೇ.

ಐದನೆಯದು, ಇನ್ನೊಬ್ಬರ ಮುಖ ಓದುವುದು. ಎದುರಿಗಿದ್ದವರು ಮೂಗು ಮುರಿದರೆ ನನ್ನ ಅಂಗಿ ನಾರುತ್ತಿರಬೇಕೆಂದು ನಮಗೆ ಹೊಳೆಯುತ್ತದೆ. ಅವರಿಗೆ ಅದು ಹೊಳೆಯದೆ ಹೋಗಬಹುದು.

ಈಗ ಸ್ನಾನವನ್ನು ತೆಗೆದುಕೊಳ್ಳಿ. ಅದು ಒಂದು ಕೆಲಸವೆಂದು ನಾವು ತಿಳಿದಿದ್ದೇವೆ. ಎಣಿಸಿ ನೋಡಿ. ಸ್ನಾನದ ಹೊತ್ತಾಯಿತೆಂದು ತೋಚಬೇಕು. ಕುಳಿತಲ್ಲಿಂದ ಏಳಬೇಕು. ಟವೆಲ್ಲು, ಒಗೆದ ಬಟ್ಟೆ ಹುಡುಕಬೇಕು. ನೀರು ಕಾದಿದೆಯೇ ನೋಡಬೇಕು. ತಣ್ಣೀರು ಬೆರೆಸಿ ಹದ ಮಾಡಬೇಕು. ಬಟ್ಟೆ ಕಳಚಿ ಒದ್ದೆಯಾಗದ ಕಡೆ ಇಡಬೇಕು. ನೀರು, ಸೋಪು, ಮತ್ತೆ ನೀರು. ಎಲ್ಲಿ ಉಜ್ಜಿದೆ, ಎಲ್ಲಿ ಬಿಟ್ಟೆ ಎಂಬ ನೆನಪಿರಬೇಕು. ಮೈ ಒರೆಸಿ, ಕಳಚಿದ ಕೊಳೆ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳದೆ ಹೊಸದನ್ನು ಹಾಕಿಕೊಳ್ಳಬೇಕು. ಹತ್ತಕ್ಕೂ ಮಿಕ್ಕ ಕೆಲಸಗಳಾದವು. ಒಂದು ಕೊಂಡಿ ಕಳಚಿದರೆ ಮನುಷ್ಯ ಬಚ್ಚಲ ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತುಬಿಡುತ್ತಾನೆ. ಅಡಿಗೆ, ಮಾತ್ರೆ, ಬಸ್ಸು ಹತ್ತುವುದು, ದುಡ್ಡಿನ ಚಿಲ್ಲರೆ ಎಣಿಸುವುದು, ಎಲ್ಲದರ ಕಥೆಯೂ ಇದೇ.

ಇದು ನನ್ನ ಊಹೆಯಲ್ಲ. ಅಮೆರಿಕದ ಮೈಕಲ್ ಗ್ರೀನ್ ಎಂಬ ವಿದ್ವಾಂಸ ೧೯೯೬ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ. ಈ ರೋಗಿಗಳು ಸಮಾಜದಲ್ಲಿ, ಮನೆಯಲ್ಲಿ ಹೇಗೆ ಬಾಳುತ್ತಾರೆಂಬುದಕ್ಕೂ ದನಿ ಮತ್ತು ಭ್ರಮೆಗಳಿಗೂ ಇರುವ ಸಂಬಂಧಕ್ಕಿಂತ, ನೆನಪು ಮತ್ತು ಗಮನದ ಕೊರತೆಗೆ ಇರುವ ಸಂಬಂಧವೇ ಗಟ್ಟಿಯೆಂದು ಕಂಡುಬಂತು. ಆಮೇಲಿನ ಅಧ್ಯಯನಗಳು ಇದನ್ನು ಬೆಂಬಲಿಸಿವೆ.

ಆದರೆ ಎಲ್ಲಕ್ಕೂ ಯೋಚನೆಯ ಕಷ್ಟವೊಂದೇ ಕಾರಣವೆಂದು ಹೇಳಿದರೆ ತಪ್ಪಾದೀತು. ಉತ್ಸಾಹವೇ ಬತ್ತಿಹೋಗುವುದು ಈ ಕಾಯಿಲೆಯ ಇನ್ನೊಂದು ಮುಖ. ಬೇಸರ, ಖಿನ್ನತೆ ಇರಬಹುದು. ಮಾತ್ರೆಯ ಮಂಪರಿರಬಹುದು. ನೀರಿನಲ್ಲಿ ಏನೋ ಬೆರೆಸಿದ್ದಾರೆಂಬ ಹೆದರಿಕೆ ಇನ್ನೂ ಉಳಿದಿರಬಹುದು. ಇನ್ನೊಂದು ಕಾರಣ ನಮ್ಮ ಕಣ್ಣ ಮುಂದೆಯೇ ಇದೆ. ಹತ್ತು ಮನೆಗೆ ಒಂದು ನಲ್ಲಿ, ಒಂದು ಬಚ್ಚಲು, ಹೊರಗೆ ಸಾಲು ನಿಂತವರ ಬೈಗುಳ. ಗಟ್ಟಿ ಮನಸ್ಸಿನವನಿಗೇ ಅಲ್ಲಿ ಸ್ನಾನ ಕಷ್ಟ. ನಿಧಾನವಾಗಿ ಯೋಚಿಸುವವನಿಗೆ ಅದು ಯುದ್ಧವೇ ಸರಿ. ಆದ್ದರಿಂದ "ಏಕೆ ಸ್ನಾನ ಮಾಡುವುದಿಲ್ಲ?" ಎಂದು ಗದರಿಸುವುದಕ್ಕೆ ಮುಂಚೆ, "ಯಾವ ಕಡೆ ತೊಡಕಾಗುತ್ತದೆ?" ಎಂದು ಕೇಳಿ.

ಇನ್ನು, ಮಾಡಬೇಕಾದದ್ದೇನು?

ಮೊದಲು ಔಷಧ. ೧೯೫೨ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಔಷಧವನ್ನು ಈ ರೋಗಿಗಳಿಗೆ ಕೊಟ್ಟು ಗುಣ ಕಂಡ ಮೇಲೆ ಲೋಕದ ಹುಚ್ಚಾಸ್ಪತ್ರೆಗಳ ಬಾಗಿಲು ತೆರೆಯತೊಡಗಿದವು. ಈಗ ಹಲವು ಬಗೆಯ ಔಷಧಗಳಿವೆ. ಇವು ದನಿ, ಭ್ರಮೆಗಳನ್ನು ಚೆನ್ನಾಗಿ ತಗ್ಗಿಸುತ್ತವೆ. ಯೋಚನೆಯ ಕಷ್ಟಕ್ಕೆ ಹೆಚ್ಚು ಉಪಕಾರ ಮಾಡುವುದಿಲ್ಲ. ಹಾಗೆಂದು ಮಾತ್ರೆ ಬಿಟ್ಟರೆ ಇರುವುದೂ ಕೆಡುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ೨೦೦೫ರಿಂದ ಹಳ್ಳಿಹಳ್ಳಿಯ ರೋಗಿಗಳನ್ನು ಹುಡುಕಿ ನೋಡಿಕೊಂಡರು. ಔಷಧವನ್ನು ಬಿಡದೆ ತೆಗೆದುಕೊಂಡವರಲ್ಲಿ ದಿನನಿತ್ಯದ ಅಸಾಮರ್ಥ್ಯ ಕಡಿಮೆಯಿತ್ತೆಂದು ಅಲ್ಲಿ ಕಂಡುಬಂತು. ಒಂದು ಎಚ್ಚರಿಕೆ: ಕೈನಡುಕ, ಮೈಬಿಗಿತಕ್ಕೆಂದು ಜೊತೆಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಕೆಲವರಲ್ಲಿ ನೆನಪನ್ನು ಇನ್ನಷ್ಟು ಮಸುಕು ಮಾಡುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, "ಇದು ಇನ್ನೂ ಬೇಕೇ?" ಎಂದು ಡಾಕ್ಟರನ್ನು ಕೇಳಿ. ಕೇಳುವುದು ನಮ್ಮ ಹಕ್ಕು.

ಎರಡನೆಯದು ಮನೆಯ ಏರ್ಪಾಡು. ಅಮೆರಿಕದ ಟೆಕ್ಸಾಸಿನಲ್ಲಿ ಡಾನ್ ವೆಲ್ಲಿಗನ್ ಎಂಬಾಕೆ ಮತ್ತು ಸಂಗಡಿಗರು ಒಂದು ಸರಳ ಮಾರ್ಗ ಕಂಡುಕೊಂಡರು. ರೋಗಿಯ ಮನಸ್ಸು ಮರೆಯುವುದನ್ನು ಮನೆಯೇ ನೆನಪಿಸುವಂತೆ ಮಾಡುವುದು. ಗೋಡೆಯ ಮೇಲೆ ಚೀಟಿ, ಕಣ್ಣಿಗೆ ಬೀಳುವಲ್ಲಿ ಸಾಮಾನು, ಹೊತ್ತಿಗೆ ಸರಿಯಾಗಿ ಗಂಟೆ. ಹಾಗೆ ಮಾಡಿದವರಲ್ಲಿ ದಿನದ ಬಾಳು ಸುಧಾರಿಸಿತು. ಅವರು ಎರಡು ಬಗೆಯ ಜನರನ್ನು ಗುರುತಿಸಿದರು. ಒಬ್ಬನಿಗೆ ಶುರುಮಾಡುವುದೇ ಆಗದು. ಅವನಿಗೆ ಒಂದೊಂದು ಹೆಜ್ಜೆಗೂ ಸೂಚನೆ ಬೇಕು. ಇನ್ನೊಬ್ಬ ಕಂಡದ್ದಕ್ಕೆಲ್ಲ ಕೈಹಾಕುತ್ತಾನೆ, ಒಂದರ ಮೇಲೊಂದು ಮೂರು ಅಂಗಿ ತೊಡುತ್ತಾನೆ. ಅವನಿಗೆ ಬೇಡದ ವಸ್ತುವನ್ನು ಕಣ್ಣಿನಿಂದ ಮರೆ ಮಾಡಬೇಕು. ಒಬ್ಬನ ಮದ್ದು ಇನ್ನೊಬ್ಬನಿಗೆ ಆಗದು.

ನಮ್ಮ ಮನೆಯಲ್ಲಿ ಖರ್ಚಿಲ್ಲದೆ ಮಾಡಿದ್ದನ್ನು ಹೇಳುತ್ತೇನೆ. ಬಚ್ಚಲ ಬಾಗಿಲಿಗೆ ಆರು ಸಾಲಿನ ಚೀಟಿ ಅಂಟಿಸಿದೆವು: ನೀರು, ಸೋಪು, ತಲೆ, ಮೈ, ಒರೆಸು, ಹೊಸ ಬಟ್ಟೆ. ಹಿಂದಿನ ರಾತ್ರಿಯೇ ಅವನ ಅತ್ತಿಗೆ ಒಂದು ಜೊತೆ ಬಟ್ಟೆಯನ್ನು ಅವನ ಮೊಳೆಗೆ ತೂಗುಹಾಕುತ್ತಾಳೆ. ಉಳಿದ ಬಟ್ಟೆ ಪೆಟ್ಟಿಗೆಯಲ್ಲಿ. ಸ್ನಾನಕ್ಕೆ ಸೋಮವಾರ, ಗುರುವಾರ, ಶನಿವಾರ ಎಂದು ಗೊತ್ತುಮಾಡಿದೆವು, ನಲ್ಲಿಯ ಹತ್ತಿರ ಜನ ಕಡಿಮೆಯಾಗುವ ಹನ್ನೊಂದು ಗಂಟೆಗೆ. ಮಾತ್ರೆಗೆ ಏಳು ಗೂಡಿನ ಡಬ್ಬಿ. ಗೂಡು ಖಾಲಿಯಾದರೆ ನುಂಗಿದಂತೆ. ಒಂದು ಸಲಕ್ಕೆ ಒಂದೇ ಮಾತು ಹೇಳುತ್ತೇವೆ. ಹೇಳಿ ಕಾಯುತ್ತೇವೆ. ಅಂಗಡಿಗೆ ಕಳಿಸಿದರೆ ಚೀಟಿ ಬರೆದು ಕಳಿಸುತ್ತೇವೆ. ಅವನು ಮಾಡಬಲ್ಲದ್ದನ್ನು ನಾವು ಮಾಡಿಕೊಡುವುದಿಲ್ಲ. ಹಾಗೆ ಮಾಡಿದರೆ ಇರುವ ಶಕ್ತಿಯೂ ತುಕ್ಕು ಹಿಡಿಯುತ್ತದೆ.

ಬಾಯಿಯ ಸ್ವಚ್ಛತೆ, ಪಾದ, ಹೊಟ್ಟೆ ಇವುಗಳ ಮೇಲೂ ಕಣ್ಣಿರಲಿ. ಈ ಕಾಯಿಲೆಯವರು ಚಿಕ್ಕ ವಯಸ್ಸಿನಲ್ಲೇ ಸಾಯುವ ಸಂಭವ ಉಳಿದವರಿಗಿಂತ ೨ರಿಂದ ೩ ಪಟ್ಟು ಹೆಚ್ಚು. ಹೃದಯದ ಬೇನೆ, ಸಕ್ಕರೆ ಕಾಯಿಲೆ, ಸೋಂಕುಗಳು ಅದಕ್ಕೆ ಮುಖ್ಯ ಕಾರಣಗಳು. ಕೆಲವು ಮಾತ್ರೆಗಳಿಂದ ಮೈ ಊದುತ್ತದೆ, ಸಕ್ಕರೆ ಏರುತ್ತದೆ. ಕ್ಲೋಜಪಿನ್ ನುಂಗುವವರಲ್ಲಿ ಮಲಬದ್ಧತೆ ಪ್ರಾಣಕ್ಕೇ ಅಪಾಯ ತಂದೀತು. ಬೀಡಿಯೂ ಸೇರಿದರೆ ಕೇಳುವುದೇ ಬೇಡ. ಎದೆನೋವು, ಹಲ್ಲುನೋವು ಎಂದು ತಾನಾಗಿ ಹೇಳುವ ಶಕ್ತಿ ಅವನಿಗಿಲ್ಲದಿರಬಹುದು. ಕೇಳಬೇಕಾದವರು ನಾವು.

ನೆನಪು, ಗಮನಗಳಿಗೆ ಕ್ರಮವಾದ ಅಭ್ಯಾಸ ಕೊಡುವ ತರಬೇತಿಯೂ ಈಗ ಇದೆ. ಅದರ ಫಲ ಮಿತವಾದದ್ದು. ಆದರೆ ನಿಜವಾದ ಕೆಲಸದ ತರಬೇತಿಯ ಜೊತೆ ಸೇರಿಸಿದರೆ ಫಲ ಹೆಚ್ಚು. ಅಂದರೆ ಕೆಲಸವೇ ಒಂದು ಔಷಧ.

ಮಾಡಬಾರದ್ದು ಬೈಗುಳ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಜೊತೆಯವರು ೧೯೫೦ರ, ೧೯೬೦ರ ದಶಕಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳನ್ನು ಗಮನಿಸಿದರು. ಸದಾ ದೂರುವ, ಹಗೆಯಿಂದ ಕಾಣುವ ಅಥವಾ ಅತಿಯಾಗಿ ಮುದ್ದಿಸಿ ಉಸಿರುಗಟ್ಟಿಸುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಾಗಿತ್ತು. ನಮ್ಮ ದೇಶದಲ್ಲೇ ೧೯೫೦ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಅವರು ರೋಗಿಯ ಮನೆಯವರಿಗೆ ಆಸ್ಪತ್ರೆಯ ಅಂಗಳದಲ್ಲಿ ಗುಡಾರ ಹಾಕಿಕೊಟ್ಟು, ರೋಗಿಯ ಜೊತೆಯಲ್ಲೇ ಇರಿಸಿಕೊಂಡು, ಕಾಯಿಲೆಯ ವಿಚಾರ ತಿಳಿಸಿಕೊಟ್ಟರು. ಮನೆಯವರೇ ಅರ್ಧ ವೈದ್ಯರೆಂದು ತೋರಿಸಿಕೊಟ್ಟ ಪುಣ್ಯಾತ್ಮರು ಅವರು.

ಸರಪಳಿಯ ಮಾತು ಬೇಡವೇ ಬೇಡ. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ೨೫ಕ್ಕೂ ಹೆಚ್ಚು ಮಂದಿ ಓಡಲಾರದೆ ಸುಟ್ಟು ಸತ್ತರು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿ ಕಟ್ಟುವುದನ್ನು ಪೂರ್ತಿಯಾಗಿ ನಿಷೇಧಿಸಿದೆ.

ಇಲ್ಲಿಯವರೆಗೆ ಮನೆಯ ಕರ್ತವ್ಯ ಹೇಳಿದೆ. ಆದರೆ ಎಲ್ಲ ಭಾರವನ್ನೂ ಮನೆಯ ಹೆಂಗಸರ ಹೆಗಲಿಗೆ ಹಾಕಿ ಸರಕಾರ ಕೈತೊಳೆದುಕೊಂಡರೆ ಒಪ್ಪಲಾಗದು. ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ, ತರಬೇತಿ ಕೊಟ್ಟರೆ ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರೇ ಇಂಥ ರೋಗಿಗಳನ್ನು ನೋಡಿಕೊಳ್ಳಬಲ್ಲರೆಂದು ತೋರಿಸಿತು. ಅದೇ ೧೯೯೬ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಡೀ ದೇಶಕ್ಕೆ ನಮ್ಮ ಜಿಲ್ಲೆ ದಾರಿ ತೋರಿತು. ಆದರೂ ೨೦೧೫–೧೬ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಇಂಥ ತೀವ್ರ ಕಾಯಿಲೆಯವರಲ್ಲಿ ೧೦೦ಕ್ಕೆ ೭೦ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ! ಇದಕ್ಕೆ ಯಾರು ಹೊಣೆ?

ಇರುವ ಹಕ್ಕುಗಳನ್ನಾದರೂ ತಿಳಿದುಕೊಳ್ಳೋಣ. ಇ.ಎಸ್.ಐ. ವಿಮೆಯ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾ ಸೇರಿದೆ. ನಿಯಮದಂತೆ ಚಂದಾ ಕಟ್ಟಿದ ಕಾರ್ಮಿಕನಿಗೆ ಕೂಲಿಯ ೧೦೦ಕ್ಕೆ ೮೦ರಂತೆ ಎರಡು ವರ್ಷದವರೆಗೂ ಭತ್ಯೆ ಸಿಗಲು ಅವಕಾಶವಿದೆ. ನನ್ನ ತಮ್ಮ ಕೆಲಸಕ್ಕೆ ಹೋಗದಿದ್ದಾಗ ಅವನ ಹೆಸರು ಹೊಡೆದುಹಾಕಿದರು. ಈ ಭತ್ಯೆಯ ಮಾತನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸರ್ಟಿಫಿಕೇಟು ಕೊಡುವಾಗ ನಾಲ್ಕು ವಿಷಯ ಅಳೆಯುತ್ತಾರೆ: ತನ್ನ ಮೈಯ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಗಮನಿಸಿ, ಮೊದಲನೆಯದೇ ಮೈಯ ಆರೈಕೆ. ನಾವು ಸೋಮಾರಿತನವೆಂದು ಬೈದದ್ದನ್ನು ಕಾನೂನು ಕಾಯಿಲೆಯ ಅಳತೆಗೋಲಾಗಿ ಇಟ್ಟುಕೊಂಡಿದೆ. ಅಲ್ಲಿಗೆ ಹೋದಾಗ ನಾಚಿಕೆಯಿಂದ "ಎಲ್ಲ ಮಾಡಿಕೊಳ್ಳುತ್ತಾನೆ" ಎನ್ನಬೇಡಿ. ಇದ್ದದ್ದನ್ನು ಇದ್ದಂತೆ ಹೇಳಿ. ದಾರಿ ತೋಚದಾಗ ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಿದರೆ ಬಿಟ್ಟಿಯಾಗಿ ಸಲಹೆ ಸಿಗುತ್ತದೆ. ೨೦೨೨ರ ಅಕ್ಟೋಬರಿನಲ್ಲಿ ಶುರುವಾದ ಸರಕಾರಿ ಏರ್ಪಾಡು ಅದು.

ಕಾರ್ಮಿಕ ಸಂಘಕ್ಕೆ ನನ್ನ ಬೇಡಿಕೆ ಎರಡು. ಯಾರೇ ಕಾರ್ಮಿಕ ಕಾರಣವಿಲ್ಲದೆ ಗೈರುಹಾಜರಾಗತೊಡಗಿದರೆ, ಮಂಕಾದರೆ, ಒಬ್ಬ ಪ್ರತಿನಿಧಿ ಅವನ ಮನೆಗೆ ಹೋಗಿ ವಿಚಾರಿಸಬೇಕು. ಗುಣವಾಗಿ ಬಂದವನಿಗೆ ಒಂದೇ ಬಗೆಯ, ಗಡಿಬಿಡಿಯಿಲ್ಲದ ಕೆಲಸ ಕೊಡುವಂತೆ ಮಾಲೀಕರ ಮುಂದೆ ಪಟ್ಟು ಹಿಡಿಯಬೇಕು. ಅಂಗಡಿಯ ಗೆಳೆಯರಿಗೂ ಒಂದು ಮಾತು. ಅಂಥವನೊಬ್ಬ ಚೀಟಿ ಹಿಡಿದು ಬಂದರೆ, ಅವನ ಹಿಂದೆ ನಿಂತವರ ಅವಸರಕ್ಕೆ ಸೋಲಬೇಡಿ. ಚಿಲ್ಲರೆಯನ್ನು ಅವನ ಕೈಗೆ ಎಣಿಸಿ ಕೊಡಿ. ಅವನು ಎಣಿಸಿಕೊಳ್ಳುವವರೆಗೆ ಕಾಯಿರಿ. ಅಷ್ಟು ಮಾಡಿದರೆ ನೀವೂ ಚಿಕಿತ್ಸೆಯಲ್ಲಿ ಭಾಗಿಗಳು.

ನನ್ನ ತಮ್ಮನ ಮಾತು ಹೇಳಿ ಮುಗಿಸುತ್ತೇನೆ. ಅವನು ಮೊದಲಿನಂತಾಗಲಿಲ್ಲ, ಆಗುತ್ತಾನೆಂದೂ ನಾನು ಹೇಳುವುದಿಲ್ಲ. ವಾರಕ್ಕೆ ಮೂರು ದಿನ ತಾನೇ ಸ್ನಾನ ಮಾಡುತ್ತಾನೆ. ನೆರೆಯ ಹಿಟ್ಟಿನ ಗಿರಣಿಯಲ್ಲಿ ಬೆಳಗ್ಗೆ ಮೂರು ಗಂಟೆಯ ಹೊತ್ತು ಚೀಲ ಹಿಡಿಯುತ್ತಾನೆ, ಕೂಲಿ ತರುತ್ತಾನೆ. ಹೋದ ತಿಂಗಳು ಬಚ್ಚಲ ಬಾಗಿಲಿನ ಚೀಟಿ ನೀರು ಬಿದ್ದು ಹರಿದುಹೋಗಿತ್ತು. ನಾನು ಬರೆಯಬೇಕೆಂದುಕೊಳ್ಳುವಷ್ಟರಲ್ಲಿ ಹೊಸ ಚೀಟಿ ಅಂಟಿತ್ತು. ಬರೆದವನು ಅವನೇ. ಆರು ಸಾಲಿನ ಕೆಳಗೆ ಏಳನೆಯದೊಂದು ಸೇರಿಸಿದ್ದ: "ಅಣ್ಣನಿಗೆ ನೀರು ಉಳಿಸು."

ಗೆಳೆಯರೇ, ಆ ಬೆಳಗ್ಗೆ ನಾನು ಸುರಿದ ಬಿಂದಿಗೆ ನೀರಿನ ನೆನಪು ಅವನಿಗಿದೆಯೋ ಇಲ್ಲವೋ ತಿಳಿಯದು. ನನಗಂತೂ ಇದೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಅಂಥವರೊಬ್ಬರು ಬಾಗಿಲಲ್ಲಿ ನಿಂತಿದ್ದರೆ, ನಾನು ಮಾಡಿದ್ದನ್ನು ನೀವು ಮಾಡಬೇಡಿರೆಂದು ಕೈಮುಗಿದು ಕೇಳಿ, ನನ್ನ ಮಾತು ಮುಗಿಸುತ್ತೇನೆ.